ಊರಿನ ನೀರಿಗೆ ಸ್ಕಾಡಾ: ಪಂಪ್‌ಹೌಸ್‌ನಿಂದ ಪರದೆಯವರೆಗೆ

ರಾತ್ರಿ ಹತ್ತು ಗಂಟೆಗೆ ಪರದೆಯಲ್ಲಿ ಟ್ಯಾಂಕಿನ ಮಟ್ಟ 2.74 ಮೀಟರ್ ಇತ್ತು. ಬೆಳಗಿನ ಜಾವ ನಾಲ್ಕಕ್ಕೂ 2.74 ಮೀಟರ್. ಐದೂವರೆಗೆ ನಲ್ಲಿ ಬಿಟ್ಟಾಗ ಅರ್ಧ ಊರಿಗೆ ನೀರೇ ಬರಲಿಲ್ಲ. ನೀರುಗಂಟಿ ಟ್ಯಾಂಕ್ ಹತ್ತಿ ನೋಡಿದರೆ ತಳ ಕಾಣುತ್ತಿತ್ತು. ಸೆನ್ಸರ್ ಕೆಟ್ಟಿರಲಿಲ್ಲ, ಪಂಪೂ ಕೆಟ್ಟಿರಲಿಲ್ಲ. ಟ್ಯಾಂಕಿನ ಪ್ಯಾನೆಲ್‌ನಲ್ಲಿದ್ದ ಮೋಡೆಮ್‌ನ ಸಿಮ್ ರೀಚಾರ್ಜ್ ಮುಗಿದಿತ್ತು, ಅಷ್ಟೇ. ಕೊನೆಗೆ ಬಂದ ಅಂಕಿಯನ್ನೇ ಕಂಪ್ಯೂಟರ್ ರಾತ್ರಿಯಿಡೀ ತೋರಿಸುತ್ತಾ ಕೂತಿತ್ತು. ಆ ಪರದೆ ಮಾಡಿಕೊಟ್ಟವರಲ್ಲಿ ನಾನೂ ಒಬ್ಬ.

ಆವತ್ತಿನಿಂದ ಯಾವ ಊರಿಗೆ ಹೋದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಸಂಪರ್ಕ ತಪ್ಪಿದರೆ ಏನಾಗುತ್ತದೆ? ಪರದೆ ತೋರಿಸುವುದು ಟ್ಯಾಂಕಿನಲ್ಲಿ ಈಗ ಇರುವುದನ್ನಲ್ಲ, ತನಗೆ ಕೊನೆಯ ಬಾರಿ ಬಂದು ತಲುಪಿದ್ದನ್ನು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಸ್ಕಾಡಾ ಅಂದರೆ ದೂರದಲ್ಲಿರುವ ಯಂತ್ರಗಳನ್ನು ಒಂದು ಕಡೆ ಕೂತು ನೋಡುವ, ಬೇಕಾದಾಗ ನಡೆಸುವ ವ್ಯವಸ್ಥೆ. ಅದಕ್ಕೆ ನಾಲ್ಕು ಭಾಗ. ಸ್ಥಳದಲ್ಲಿ ಸೆನ್ಸರ್ ಮತ್ತು ಮೋಟಾರುಗಳು. ಅವುಗಳ ಪಕ್ಕದಲ್ಲೇ ಪಿಎಲ್‌ಸಿ ಅಥವಾ ಆರ್‌ಟಿಯು ಎಂಬ ಪುಟ್ಟ ಕಂಪ್ಯೂಟರ್. ನಡುವೆ ಸಂಪರ್ಕ: ವೈರ್, ರೇಡಿಯೊ ಅಥವಾ ಮೊಬೈಲ್ ನೆಟ್‌ವರ್ಕ್. ಕೊನೆಯಲ್ಲಿ ಸರ್ವರ್ ಮತ್ತು ಪರದೆ. ವಿದ್ಯುತ್ ಜಾಲ, ತೈಲದ ಕೊಳವೆ, ಸಕ್ಕರೆ ಕಾರ್ಖಾನೆ, ಎಲ್ಲ ಕಡೆ ಇದೇ ನಾಲ್ಕು. ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತದಲ್ಲಿ ಪಂಪ್ ಆಗಿ ಸುಮಾರು 100 ಕಿಲೋಮೀಟರ್ ದಾಟಿ, 500 ಮೀಟರಿನಷ್ಟು ಮೇಲೇರಿ ಬರುತ್ತದೆ. ಅಂಥ ಸಾಲಿನಲ್ಲಿ ಒಂದು ಕಡೆ ಪಂಪ್ ನಿಂತರೆ ಉಳಿದೆರಡು ಕಡೆಗೆ ತಕ್ಷಣ ಗೊತ್ತಾಗಲೇಬೇಕು.

ನಾವು ಇಲ್ಲಿ ಅಷ್ಟು ದೊಡ್ಡದಕ್ಕೆ ಹೋಗುವುದು ಬೇಡ. 30,000 ಜನರ ಒಂದು ಪಟ್ಟಣ ಇಟ್ಟುಕೊಳ್ಳೋಣ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ಸುಮಾರು 40 ಲಕ್ಷ ಲೀಟರ್ ನೀರು ಬೇಕು. ಹೊಳೆ ದಂಡೆಯಲ್ಲಿ ನೀರೆತ್ತುವ ಪಂಪುಗಳಿರುವ ಬಾವಿ, ಅಂದರೆ ಒಂದು ಜಾಕ್‌ವೆಲ್, ಒಂದು ಶುದ್ಧೀಕರಣ ಘಟಕ, ಅಲ್ಲಿಂದ ನಾಲ್ಕು ಕಿಲೋಮೀಟರ್ ಆಚೆ ಊರೊಳಗೆ ಓವರ್‌ಹೆಡ್ ಟ್ಯಾಂಕುಗಳು. ಇಂಜಿನಿಯರ್‌ಗಳಿಗೆ, ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಇಳಿದವರಿಗೆ, ಪುರಸಭೆಯಲ್ಲಿ ಕೂತು ಟೆಂಡರ್ ಬರೆಯುವವರಿಗೆ ಇದು ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ದೊಡ್ಡ ಅಪಾರ್ಟ್‌ಮೆಂಟ್ ಅಥವಾ ಸಣ್ಣ ಕಾರ್ಖಾನೆಯ ನೀರಿಗೂ ಇದೇ ಕ್ರಮ ನಡೆಯುತ್ತದೆ.

ಹೆಜ್ಜೆ 1: ನೀರುಗಂಟಿಯ ಜೊತೆ ಎರಡು ದಿನ ಓಡಾಡಿ

ಕ್ಯಾಟಲಾಗ್ ತೆರೆಯುವ ಮೊದಲು ಮಾಡಬೇಕಾದ ಕೆಲಸ ಇದು. ಪಂಪ್ ಆಪರೇಟರ್, ವಾಲ್ವ್‌ಮ್ಯಾನ್, ನೀರುಗಂಟಿ, ಇವರು ದಿನಕ್ಕೆ ಎಷ್ಟು ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಸುಮ್ನೆ ಜೊತೆಯಲ್ಲಿದ್ದು ಬರೆದುಕೊಳ್ಳಿ. ಮೋಟಾರು ಶುರು ಮಾಡುವ ಮೊದಲು ಮೂರೂ ಫೇಸಿನ ವೋಲ್ಟೇಜ್ ನೋಡುತ್ತಾರೆ. ಶುರುವಾದ ಮೇಲೆ ಪೈಪಿಗೆ ಕೈ ಇಟ್ಟು ನಡುಕ ನೋಡುತ್ತಾರೆ. ಬೇರಿಂಗ್ ಸದ್ದು ಕೇಳುತ್ತಾರೆ. ಹೊಳೆಗೆ ಕೆಂಪು ನೀರು ಬಂದ ದಿನ ಪಂಪ್ ಹೊತ್ತು ಕಡಿಮೆ ಮಾಡುತ್ತಾರೆ. ಇಂಥ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ಸುತ್ತು ಬಾಕಿ ಇರುತ್ತದೆ ಎನ್ನುವುದು ಅವರ ಕೈಗೆ ಗೊತ್ತು, ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ ಬರೆಯಿರಿ. ಮೊದಲನೆಯದು, ದೂರದಿಂದ ನೋಡಬೇಕಾದದ್ದು. ಎರಡನೆಯದು, ದೂರದಿಂದ ನಡೆಸಬೇಕಾದದ್ದು. ಮೂರನೆಯದು, ಸಂಪರ್ಕ ಹೋದಾಗ ಆ ಯಂತ್ರ ತಾನೇ ಏನು ಮಾಡಬೇಕು ಎಂಬುದು. ಮೂರನೇ ಕಾಲಂ ಖಾಲಿ ಬಿಟ್ಟ ಯಾವ ಸಾಲನ್ನೂ ಎರಡನೇ ಕಾಲಂಗೆ ಸೇರಿಸಬೇಡಿ.

ಮೊದಲ ಎರಡು ಮೂರು ತಿಂಗಳು ನೋಡುವುದಕ್ಕೆ ಮಾತ್ರ ವ್ಯವಸ್ಥೆ ಇಡಿ. ನಡೆಸುವ ಗುಂಡಿಗಳನ್ನು ಆಮೇಲೆ ಕೊಡಿ. ಅಷ್ಟರಲ್ಲಿ ಅಂಕಿಗಳು ನಿಜವೋ ಸುಳ್ಳೋ ಎಲ್ಲರಿಗೂ ಗೊತ್ತಾಗಿರುತ್ತದೆ. ಆಪರೇಟರ್‌ಗೂ ನಂಬಿಕೆ ಬಂದಿರುತ್ತದೆ. ಅವರ ಕೆಲಸ ಕಿತ್ತುಕೊಳ್ಳಲು ಬಂದಿದೆ ಎಂಬ ಭಯ ಇದ್ದರೆ ಯಾವ ಸೆನ್ಸರೂ ಬಹಳ ದಿನ ಬಾಳುವುದಿಲ್ಲ. ಆ ಭಯವನ್ನು ನಾವು ಮೊದಲೇ ಮಾತಾಡಿ ಹೋಗಲಾಡಿಸಬೇಕು.

ಹೆಜ್ಜೆ 2: ಸೆನ್ಸರ್ ಸರಿ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ

ದುಡ್ಡು ಉಳಿಸಬೇಕು ಅಂದರೆ ಪರದೆಯಲ್ಲಿ ಉಳಿಸಿ, ಸಾಫ್ಟ್‌ವೇರ್‌ನಲ್ಲಿ ಉಳಿಸಿ. ಸೆನ್ಸರ್‌ನಲ್ಲಿ ಬೇಡ.

ಟ್ಯಾಂಕಿನ ಮಟ್ಟಕ್ಕೆ ಸಾಮಾನ್ಯವಾಗಿ ಮೂರು ದಾರಿ: ನೀರೊಳಗೆ ಇಳಿಬಿಡುವ ಒತ್ತಡದ ಸೆನ್ಸರ್, ಮೇಲಿನಿಂದ ಶಬ್ದ ಕಳಿಸಿ ಅಳೆಯುವ ಅಲ್ಟ್ರಾಸಾನಿಕ್, ಮತ್ತು ರೇಡಾರ್. ಅಲ್ಟ್ರಾಸಾನಿಕ್ ಅಗ್ಗ. ಆದರೆ ಮುಚ್ಚಿದ ಟ್ಯಾಂಕಿನಲ್ಲಿ ಅದರ ಮುಖದ ಮೇಲೆ ಹನಿ ಕಟ್ಟುತ್ತದೆ, ಅಂಕಿ ಕುಣಿಯಲು ಶುರುವಾಗುತ್ತದೆ. ತೀರಾ ಹತ್ತಿರ ಬಂದ ನೀರು ಅದಕ್ಕೆ ಕಾಣುವುದೂ ಇಲ್ಲ. ರೇಡಾರ್ ಒಳ್ಳೆಯದು, ಬೆಲೆ ಜಾಸ್ತಿ. ಕುಡಿಯುವ ನೀರಿನ ಟ್ಯಾಂಕಿಗೆ ನಾನು ಹೆಚ್ಚಾಗಿ ಒತ್ತಡದ ಸೆನ್ಸರ್ ಹಾಕುತ್ತೇನೆ.

ಅದರಲ್ಲಿ ಒಂದು ಸೂಕ್ಷ್ಮ ಇದೆ. ಆ ಸೆನ್ಸರಿನ ಕೇಬಲ್ ಬಿಡಿಸಿ ನೋಡಿದರೆ ವೈರುಗಳ ನಡುವೆ ತೆಳುವಾದ, ಟೊಳ್ಳಾದ ಒಂದು ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ಹೊರಗಿನ ಗಾಳಿಯ ಒತ್ತಡವನ್ನು ಸೆನ್ಸರಿಗೆ ಮುಟ್ಟಿಸುವುದು ಅದೇ. ಅದರಿಂದಲೇ ಸೆನ್ಸರ್ ಗಾಳಿಯ ಭಾರ ಕಳೆದು ನೀರಿನ ಭಾರ ಮಾತ್ರ ಹೇಳುತ್ತದೆ. ಎಷ್ಟೋ ಸಲ ವೈರಿಂಗ್ ಮಾಡುವವರು ಒಳ್ಳೆಯದಾಗಲಿ ಎಂದು ಆ ತುದಿಗೆ ಟೇಪ್ ಸುತ್ತಿಬಿಡುತ್ತಾರೆ, ಅಥವಾ ಸಿಲಿಕಾನ್ ತುಂಬುತ್ತಾರೆ. ಮೊದಲ ವಾರ ಎಲ್ಲ ಚೆನ್ನಾಗಿ ಕಾಣುತ್ತದೆ. ಹವೆ ಬದಲಾದಾಗ ಮಟ್ಟ ಕೆಲವು ಸೆಂಟಿಮೀಟರ್ ಆಚೀಚೆ ಹೋಗುತ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಆ ತುದಿ ಒಣಗಿದ ಪೆಟ್ಟಿಗೆಯೊಳಗೆ ತೆರೆದೇ ಇರಬೇಕು. ಪಕ್ಕದಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣ ಇಡಿ, ವರ್ಷಕ್ಕೊಮ್ಮೆ ಬದಲಿಸಿ.

ಸೆನ್ಸರನ್ನು ನೇರವಾಗಿ ನೀರಿಗೆ ಬಿಡದೆ, ತೂತು ಕೊರೆದ ಪಿವಿಸಿ ಪೈಪಿನೊಳಗೆ ಇಳಿಬಿಡಿ. ನೀರು ಧುಮುಕುವ ಜಾಗದಿಂದ ದೂರ ಇರಲಿ. ತಳದ ಕೆಸರು ಮುಟ್ಟದಂತೆ 10 ಸೆಂಟಿಮೀಟರ್ ಮೇಲೆ ನಿಲ್ಲಿಸಿ, ಆ 10 ಸೆಂಟಿಮೀಟರನ್ನು ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ.

ಈಗ ಅಂಕಿಯ ಲೆಕ್ಕ. ಇಂಥ ಸೆನ್ಸರ್‌ಗಳು ಮಟ್ಟವನ್ನು 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಕಳಿಸುತ್ತವೆ. 0ರಿಂದ 5 ಮೀಟರ್ ಅಳೆಯುವ ಸೆನ್ಸರ್ ಆದರೆ 4 ಅಂದರೆ ಸೊನ್ನೆ, 20 ಅಂದರೆ 5 ಮೀಟರ್, 12 ಅಂದರೆ 2.5 ಮೀಟರ್. ಬಂದ ಕರೆಂಟಿನಿಂದ 4 ಕಳೆದು, 16ರಿಂದ ಭಾಗಿಸಿ, 5ರಿಂದ ಗುಣಿಸಿದರೆ ಆಯಿತು. ಸೊನ್ನೆಗೆ 0 ಬದಲು 4 ಯಾಕೆ? ವೈರ್ ತುಂಡಾದರೆ ಕರೆಂಟು 0 ಆಗುತ್ತದೆ. ಟ್ಯಾಂಕ್ ಖಾಲಿಯಾದರೆ 4 ಇರುತ್ತದೆ. ಎರಡೂ ಬೇರೆ ಬೇರೆ ಎಂದು ಗೊತ್ತಾಗಬೇಕಲ್ವಾ? 3.6ಕ್ಕಿಂತ ಕೆಳಗೆ ಅಥವಾ 21ಕ್ಕಿಂತ ಮೇಲೆ ಹೋದರೆ ಸೆನ್ಸರ್ ಕೆಟ್ಟಿದೆ ಎಂದು ಪಿಎಲ್‌ಸಿಯಲ್ಲಿ ಬರೆಯಿರಿ. ಆ ಹೊತ್ತಿನಲ್ಲಿ ಪರದೆಯಲ್ಲಿ ಅಂಕಿ ಬರಲೇಬಾರದು, ‘ಸೆನ್ಸರ್ ದೋಷ’ ಎಂದು ಬರಲಿ.

ಇದರ ಜೊತೆಗೆ ಒಂದು ಸಾದಾ ಫ್ಲೋಟ್ ಸ್ವಿಚ್ ಟ್ಯಾಂಕಿನ ಮೇಲ್ಮಟ್ಟದಲ್ಲಿ ಬೇರೆಯಾಗಿ ಇರಲಿ. ಒತ್ತಡದ ಸೆನ್ಸರ್ ಸುಳ್ಳು ಹೇಳಿದ ದಿನ ಕಾಪಾಡುವುದು ಅದು.

ಪಂಪ್ ಓಡುತ್ತಿದೆ ಎಂದು ತಿಳಿಯುವುದು ಹೇಗೆ? ಮೋಟಾರಿಗೆ ಕರೆಂಟು ಸೇರಿಸುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಎಳೆದಿದೆ ಎಂಬ ಸಂಕೇತ ಸಾಲದು. ಮೋಟಾರನ್ನೂ ಪಂಪನ್ನೂ ಜೋಡಿಸುವ ಕಪ್ಲಿಂಗ್ ಮುರಿದಿದ್ದರೂ ಕಾಂಟ್ಯಾಕ್ಟರ್ ಎಳೆದೇ ಇರುತ್ತದೆ. ಮೋಟಾರಿನ ಆಂಪಿಯರ್ ಮತ್ತು ಪೈಪಿನ ಹರಿವು ಎರಡನ್ನೂ ಸೇರಿಸಿ ನೋಡಿ. ಆಂಪಿಯರ್ ದಿಢೀರ್ ಇಳಿದು ಹರಿವೂ ಇಲ್ಲವೆಂದರೆ ಪಂಪ್ ನೀರಿಲ್ಲದೆ ಒಣಗಿ ಓಡುತ್ತಿದೆ ಎಂದೇ ಲೆಕ್ಕ. ಹರಿವಿಗೆ ವಿದ್ಯುತ್ಕಾಂತೀಯ ಫ್ಲೋಮೀಟರ್ ಹಾಕುವಾಗ ಅದಕ್ಕೆ ನೀರು ಬರುವ ಕಡೆ ಪೈಪಿನ ವ್ಯಾಸದ ಐದು ಪಟ್ಟು ನೇರ ಪೈಪ್ ಬಿಡಿ, ನೀರು ಹೋಗುವ ಕಡೆ ಎರಡು ಮೂರು ಪಟ್ಟು. ಪೈಪ್ ಸದಾ ತುಂಬಿರುವ ಜಾಗವೇ ಆಗಬೇಕು. ಅರ್ಧ ತುಂಬಿದ ಪೈಪಿನಲ್ಲಿ ಅದು ಹೇಳುವ ಲೆಕ್ಕ ನಂಬಬೇಡಿ.

ಹೆಜ್ಜೆ 3: ತೀರ್ಮಾನ ಸ್ಥಳದಲ್ಲೇ ಆಗಲಿ

ಹೊಸಬರು ಜಾಸ್ತಿ ಎಡವುವುದು ಇಲ್ಲಿ. ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಿಸುವ ತರ್ಕವನ್ನು ಆಫೀಸಿನ ಕಂಪ್ಯೂಟರ್‌ನಲ್ಲಿ ಬರೆದುಬಿಡುತ್ತಾರೆ. ಆ ಕಂಪ್ಯೂಟರ್ ಒಮ್ಮೆ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದರೆ? ಕರೆಂಟು ಹೋದರೆ? ಮೋಟಾರನ್ನೂ ಜನರನ್ನೂ ಕಾಪಾಡುವ ಯಾವ ತರ್ಕವೂ ಪರದೆಯ ಕಡೆ ಇರಬಾರದು. ಒಂದು ಫೇಸ್ ಹೋದಾಗ ನಿಲ್ಲುವುದು, ಒಣಗಿ ಓಡಿದಾಗ ನಿಲ್ಲುವುದು, ಗಂಟೆಗೆ ಇಷ್ಟೇ ಸಲ ಶುರುವಾಗಬೇಕು ಎಂಬ ಮಿತಿ, ಎಲ್ಲವೂ ಪಂಪ್ ಪಕ್ಕದ ಪಿಎಲ್‌ಸಿಯಲ್ಲಿ ಇರಲಿ. ತುರ್ತು ನಿಲುಗಡೆಯ ಕೆಂಪು ಗುಂಡಿ ಪಿಎಲ್‌ಸಿಯನ್ನೂ ನಂಬಬಾರದು. ಅದು ನೇರವಾಗಿ ವೈರಿನಲ್ಲೇ ಕಾಂಟ್ಯಾಕ್ಟರ್ ಬಿಡಿಸಬೇಕು.

ಪ್ಯಾನೆಲ್ ಬಾಗಿಲಿನ ಮೇಲೆ ‘ಸ್ಥಳ – ದೂರ’ ಎಂಬ ಸ್ವಿಚ್ ಕಡ್ಡಾಯ. ರಿಪೇರಿಗೆ ಬಂದವರು ಅದನ್ನು ‘ಸ್ಥಳ’ಕ್ಕೆ ತಿರುಗಿಸಿದರೆ ದೂರದಿಂದ ಯಾರೂ ಮೋಟಾರು ಶುರು ಮಾಡಲು ಆಗಬಾರದು. ಸ್ವಿಚ್ ಯಾವ ಕಡೆ ಇದೆ ಎಂದು ಪರದೆಯಲ್ಲೂ ಕಾಣಬೇಕು. ಇಷ್ಟಾದರೂ ಮೋಟಾರಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ತೆಗೆದು, ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಸ್ವಿಚ್ ತಿರುಗಿಸಿದ್ದೇನೆ, ಸಾಕು ಎನ್ನುವ ಮಾತು ಬೇಡ. ಒಂದು ಕೈ, ಒಂದು ಜೀವ ಹೋದರೆ ಮತ್ತೆ ಬರುವುದಿಲ್ಲ.

ಈಗ ಮೂರನೇ ಕಾಲಂ. ಜಾಕ್‌ವೆಲ್‌ನಲ್ಲಿ ಪಂಪ್ ಓಡುತ್ತಿದೆ, ನಾಲ್ಕು ಕಿಲೋಮೀಟರ್ ದೂರದ ಟ್ಯಾಂಕಿನಿಂದ ಸುದ್ದಿ ಬರುವುದು ನಿಂತಿತು. ಏನು ಮಾಡಬೇಕು? ತಕ್ಷಣ ನಿಲ್ಲಿಸಿದರೆ ನೆಟ್‌ವರ್ಕ್ ಕೈಕೊಟ್ಟಾಗೆಲ್ಲ ಊರಿಗೆ ನೀರಿಲ್ಲ. ನಿಲ್ಲಿಸದಿದ್ದರೆ ಟ್ಯಾಂಕ್ ಉಕ್ಕಿ ಹರಿಯುತ್ತದೆ. ನಾನು ಮಾಡುವುದು ಹೀಗೆ. ಟ್ಯಾಂಕ್ 5 ಲಕ್ಷ ಲೀಟರಿನದು, ನೀರಿನ ಆಳ 4 ಮೀಟರ್ ಅಂದುಕೊಳ್ಳಿ. ಒಂದು ಮೀಟರಿಗೆ 1.25 ಲಕ್ಷ ಲೀಟರ್ ಆಯಿತು. ಪಂಪ್ ಗಂಟೆಗೆ 1 ಲಕ್ಷ ಲೀಟರ್ ಕೊಡುತ್ತದೆ. ಕೊನೆಗೆ ಬಂದ ಮಟ್ಟ 2.74, ನಿಲ್ಲಿಸುವ ಮಟ್ಟ 3.60. ನಡುವಿನ 0.86 ಮೀಟರಿಗೆ ಸುಮಾರು 1.08 ಲಕ್ಷ ಲೀಟರ್ ಬೇಕು, ಅಂದರೆ ಸುಮಾರು 65 ನಿಮಿಷ. ಹಾಗಾಗಿ ಸಂಪರ್ಕ ಹೋದ ಮೇಲೆ ಪಂಪ್ 65 ನಿಮಿಷ ಮಾತ್ರ ಓಡಿ ತಾನೇ ನಿಲ್ಲಲಿ. ಊರಿನವರು ಆ ಹೊತ್ತಿನಲ್ಲಿ ಒಂದು ಹನಿಯನ್ನೂ ಬಳಸದಿದ್ದರೂ ಟ್ಯಾಂಕ್ ಉಕ್ಕುವುದಿಲ್ಲ. ಒಂದು ಗಂಟೆಯ ಸಮಯ ಸಿಕ್ಕಿತು, ಅಷ್ಟರಲ್ಲಿ ಯಾರಾದರೂ ಟ್ಯಾಂಕಿನ ಹತ್ತಿರ ಹೋಗಬಹುದು.

ಸಂಪರ್ಕ ಹೋಗಿದೆ ಎಂದು ತಿಳಿಯುವುದೇ ಹೇಗೆ? ಪ್ರತಿ ಸ್ಥಳದ ಪಿಎಲ್‌ಸಿಯಲ್ಲಿ ಒಂದು ಎಣಿಕೆ ಇಡಿ. ಹತ್ತು ಸೆಕೆಂಡಿಗೊಮ್ಮೆ ಅದು ಒಂದೊಂದೇ ಏರುತ್ತಿರಲಿ. ಅದನ್ನು ಎದೆಬಡಿತ ಅನ್ನುತ್ತೇವೆ. ಒಂದು ನಿಮಿಷ ಆ ಎಣಿಕೆ ಬದಲಾಗದಿದ್ದರೆ ಪರದೆಯಲ್ಲಿ ಆ ಸ್ಥಳದ ಎಲ್ಲ ಅಂಕಿಗಳೂ ಮಸುಕಾಗಬೇಕು, ಪಕ್ಕದಲ್ಲಿ ‘ಕೊನೆಯ ಸುದ್ದಿ ರಾತ್ರಿ 9:52’ ಎಂದು ಸಮಯ ಬರಬೇಕು. ಹತ್ತು ಸಾಲಿನ ಪ್ರೋಗ್ರಾಂ ಇದು. ಆ ರಾತ್ರಿ ನಮ್ಮ ಪರದೆಯಲ್ಲಿ ಈ ಹತ್ತು ಸಾಲು ಇರಲಿಲ್ಲ.

ಹೆಜ್ಜೆ 4: ವೈರ್, ಸಿಗ್ನಲ್, ಸಿಡಿಲು

ಪಂಪ್‌ಹೌಸ್ ಒಳಗೆ ಮೀಟರುಗಳು ಪಿಎಲ್‌ಸಿ ಜೊತೆ ಮಾತಾಡುವುದು ಹೆಚ್ಚಾಗಿ ಮಾಡ್‌ಬಸ್ ಭಾಷೆಯಲ್ಲಿ. 1979ರಲ್ಲಿ ಮಾಡಿಕಾನ್ ಕಂಪನಿ ತಂದದ್ದು, ಇವತ್ತಿಗೂ ಎಲ್ಲ ಕಡೆ ಅದೇ. ಎರಡು ತಿರುಚಿದ ವೈರಿನ ಆರ್‌ಎಸ್-485 ಕೇಬಲ್ ಮೇಲೆ 1,200 ಮೀಟರ್‌ವರೆಗೆ ಹೋಗುತ್ತದೆ. ಮೀಟರುಗಳನ್ನು ಒಂದಾದ ಮೇಲೊಂದು ಸಾಲಾಗಿ ಜೋಡಿಸಿ, ಮರದ ಕೊಂಬೆಗಳ ಹಾಗೆ ಕವಲು ಬಿಡಬೇಡಿ. ಸಾಲಿನ ಎರಡು ತುದಿಗೆ ಮಾತ್ರ 120 ಓಮ್ ರೆಸಿಸ್ಟರ್. ಪ್ರತಿ ಮೀಟರಿಗೆ 1ರಿಂದ 247ರೊಳಗೆ ಬೇರೆ ಬೇರೆ ವಿಳಾಸ.

ಓದಲು ಆಗುತ್ತಿಲ್ಲವೆಂದರೆ ಈ ಕ್ರಮದಲ್ಲಿ ನೋಡಿ. ಮೊದಲು ಎ ಮತ್ತು ಬಿ ವೈರ್ ಅದಲುಬದಲು ಮಾಡಿ. ಎರಡು ಕಂಪನಿಗಳು ಈ ಅಕ್ಷರಗಳನ್ನು ಒಂದಕ್ಕೊಂದು ವಿರುದ್ಧವಾಗಿ ಬರೆದಿರುವುದುಂಟು. ಆಮೇಲೆ ವೇಗ ಮತ್ತು ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್) ಎರಡೂ ಕಡೆ ಒಂದೇ ಇದೆಯೇ ನೋಡಿ. ಆಮೇಲೆ ರಿಜಿಸ್ಟರ್, ಅಂದರೆ ಮೀಟರ್ ತನ್ನ ಅಂಕಿ ಇಡುವ ಜಾಗದ ಸಂಖ್ಯೆ: ಕೈಪಿಡಿಯಲ್ಲಿ 40001 ಎಂದಿದ್ದರೆ ತಂತಿಯ ಮೇಲೆ ಹೋಗುವುದು 0, ಒಂದು ವ್ಯತ್ಯಾಸ ಸದಾ ಕಾಡುತ್ತದೆ. ಇಷ್ಟಾಗಿಯೂ ಹರಿವು 100 ಇರುವಾಗ ಪರದೆಯಲ್ಲಿ 0.00 ಬಂದರೆ ಗಾಬರಿ ಬೇಡ. ದಶಮಾಂಶ ಸಂಖ್ಯೆ ಎರಡು ರಿಜಿಸ್ಟರ್‌ಗಳಲ್ಲಿ ಕೂತಿರುತ್ತದೆ, ಯಾವುದು ಮುಂದೆ ಯಾವುದು ಹಿಂದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ತಿರುಗಿಸಿ ಓದಿದರೆ ಸರಿಹೋಗುತ್ತದೆ. ನಾನು ಒಮ್ಮೆ ಇದಕ್ಕೆ ಇಡೀ ದಿನ ಕಳೆದಿದ್ದೇನೆ, ನಿಮಗೆ ಆ ದಿನ ಉಳಿಯಲಿ.

ಊರಿನ ನಡುವಿನ ದೂರಕ್ಕೆ 4ಜಿ ಮೋಡೆಮ್ ಸುಲಭ. ಸಾಧ್ಯವಾದರೆ ಎರಡು ಬೇರೆ ಕಂಪನಿಯ ಸಿಮ್ ಹಾಕುವಂಥದ್ದು ತೆಗೆದುಕೊಳ್ಳಿ, ಮತ್ತು ಇಂಟರ್ನೆಟ್‌ಗೆ ನೇರ ತೆರೆದುಕೊಳ್ಳದ ಪ್ರತ್ಯೇಕ ದಾರಿ, ಅಂದರೆ ಖಾಸಗಿ ಎಪಿಎನ್, ಮೊಬೈಲ್ ಕಂಪನಿಯಿಂದ ಕೇಳಿ ಪಡೆಯಿರಿ. ಸಿಮ್ ಗಡುವು ಮುಗಿಯುವ ದಿನಾಂಕವನ್ನು ಎರಡು ಜನರ ಫೋನಿನಲ್ಲಿ ಜ್ಞಾಪನೆಗೆ ಹಾಕಿ. ಮೊಬೈಲ್ ಸಿಗ್ನಲ್ ಸಿಗದ ಮಲೆನಾಡಿನ ಕಡೆ ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ಲೋರಾ ರೇಡಿಯೊ ನೋಡಬಹುದು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಗೆ ಪರವಾನಗಿ ಬೇಡ. ಆದರೆ ಗುಡ್ಡ ಅಡ್ಡ ಬಂದರೆ ಅದಕ್ಕೂ ಕಷ್ಟ. ಹಾಗಾಗಿ ಟ್ಯಾಂಕ್ ಮೇಲೆ ನಿಂತು ಪರೀಕ್ಷೆ ಮಾಡಿಯೇ ಕೊಳ್ಳಿ.

ಸುದ್ದಿ ಸಾಗಿಸಲು ಎಂಕ್ಯೂಟಿಟಿ ಎಂಬ ಪ್ರೋಟೊಕಾಲ್ ಚೆನ್ನಾಗಿದೆ. 1999ರಲ್ಲಿ ಅದು ಹುಟ್ಟಿದ್ದೇ ಉಪಗ್ರಹದ ಸಣ್ಣ, ದುಬಾರಿ ಸಂಪರ್ಕದ ಮೂಲಕ ತೈಲ ಕೊಳವೆಗಳನ್ನು ಕಾಯಲು. ನಮ್ಮ ದುರ್ಬಲ ನೆಟ್‌ವರ್ಕ್‌ಗೂ ಒಗ್ಗುತ್ತದೆ. ಒಂದು ಶರತ್ತು: ಸಂಪರ್ಕ ಇಲ್ಲದ ಹೊತ್ತಿನ ಅಂಕಿಗಳನ್ನು ಸ್ಥಳದ ಆರ್‌ಟಿಯು ಸಮಯದ ಸಮೇತ ಕೂಡಿಟ್ಟು, ಸಂಪರ್ಕ ಬಂದ ಮೇಲೆ ಕಳಿಸಬೇಕು. ಟೆಂಡರ್‌ನಲ್ಲಿ ಇದನ್ನು ಬರೆಯದಿದ್ದರೆ ಸಿಗುವುದಿಲ್ಲ.

ಇನ್ನು ಸಿಡಿಲು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಊರಿನಲ್ಲಿ ಎತ್ತರವಾಗಿ ನಿಂತಿರುವುದು ನಮ್ಮ ಟ್ಯಾಂಕೇ. ಸಿಡಿಲು ಟ್ಯಾಂಕಿಗೇ ಬೀಳಬೇಕಿಲ್ಲ, ಹತ್ತಿರದಲ್ಲಿ ಬಿದ್ದರೂ ಉದ್ದ ಕೇಬಲ್‌ನಲ್ಲಿ ವೋಲ್ಟೇಜ್ ಏಳುತ್ತದೆ. ಸರ್ಜ್ ತಡೆಯನ್ನು ಕೇಬಲ್ಲಿನ ಎರಡೂ ತುದಿಗೆ ಹಾಕಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಆ ತಡೆಗೂ ಬೆಲೆ ಇಲ್ಲ. ಕೇಬಲ್ ಒಳಬರುವ ತೂತುಗಳನ್ನೆಲ್ಲ ಗ್ಲ್ಯಾಂಡ್ ಹಾಕಿ ಮುಚ್ಚಿ. ಬೆಚ್ಚಗಿನ ಪ್ಯಾನೆಲ್ ಒಳಗೆ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಟರ್ಮಿನಲ್‌ಗಳ ನಡುವೆ ಸಿಕ್ಕಿ ಸಾಯುತ್ತದೆ. ಬ್ಯಾಟರಿಯ ಲೆಕ್ಕ ಸರಳ: 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ, ಅರ್ಧ ಆಂಪಿಯರ್ ಎಳೆಯುವ ಆರ್‌ಟಿಯುಗೆ ಕಾಗದದ ಮೇಲೆ 14 ಗಂಟೆ ಬರುತ್ತದೆ. ನೀವು 8 ಗಂಟೆ ಅಂತಲೇ ಹಿಡಿಯಿರಿ, ಹಳೆಯದಾದರೆ ಇನ್ನೂ ಕಡಿಮೆ.

ಹೆಜ್ಜೆ 5: ಪರದೆ

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದುಡ್ಡು ಕೊಟ್ಟು ಕೊಳ್ಳುವಂಥವು ಬೇಕಾದಷ್ಟಿವೆ. ಕಲಿಯಲು, ಸಣ್ಣ ಕೆಲಸಕ್ಕೆ ನೋಡ್-ರೆಡ್, ಗ್ರಾಫಾನಾ, ರ‍್ಯಾಪಿಡ್ ಸ್ಕಾಡಾ ಇವನ್ನು ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ದಾಖಲೆಗೆ ಎಷ್ಟು ಜಾಗ ಬೇಕೆಂದು ಮೊದಲೇ ಲೆಕ್ಕ ಹಾಕಿ: 50 ಅಂಕಿಗಳನ್ನು 5 ಸೆಕೆಂಡಿಗೊಮ್ಮೆ ಬರೆದರೆ ದಿನಕ್ಕೆ 8,64,000 ಸಾಲು. ಟ್ಯಾಂಕಿನ ಮಟ್ಟ ಅಷ್ಟು ಬೇಗ ಬದಲಾಗುವುದಿಲ್ಲ, ಎರಡು ಸೆಂಟಿಮೀಟರ್ ಬದಲಾದಾಗ ಬರೆದರೆ ಸಾಕು. ಇಷ್ಟು ನಿಮಿಷಕ್ಕೊಮ್ಮೆ ಹೇಗೂ ಬರೆಯಬೇಕು ಎಂಬ ನಿಯಮವನ್ನೂ ಸೇರಿಸಿ.

ಪರದೆಯ ಹಿನ್ನೆಲೆ ಬೂದು ಬಣ್ಣದಲ್ಲಿರಲಿ. ಎಲ್ಲ ಸರಿ ಇದ್ದಾಗ ಪರದೆ ಶಾಂತವಾಗಿರಬೇಕು, ತಪ್ಪಿದ್ದಕ್ಕೆ ಮಾತ್ರ ಬಣ್ಣ ಬರಬೇಕು. ಕೆಂಪು ಹಸಿರಿನ ಗೊಂದಲ ನೆನಪಿಡಿ. ನೀರಿನ ಪಂಪಿನವರಿಗೆ ಹಸಿರು ಅಂದರೆ ಓಡುತ್ತಿದೆ. ವಿದ್ಯುತ್ ಸಬ್‌ಸ್ಟೇಷನ್‌ನಿಂದ ಬಂದವರಿಗೆ ಕೆಂಪು ಅಂದರೆ ಬ್ರೇಕರ್ ಸೇರಿದೆ, ಲೈನು ಜೀವಂತ. ಬಣ್ಣದ ಜೊತೆಗೆ ‘ಓಡುತ್ತಿದೆ’, ‘ನಿಂತಿದೆ’ ಎಂದು ಕನ್ನಡದಲ್ಲಿ ಬರೆಯಿರಿ. ಟ್ಯಾಂಕಿಗೆ ನಕ್ಷೆಯ ಸಂಖ್ಯೆ ಬೇಡ, ಊರಿನವರು ಕರೆಯುವ ಹೆಸರೇ ಇರಲಿ: ಕೋಟೆ ಟ್ಯಾಂಕ್, ಸಂತೆಮಾಳದ ಟ್ಯಾಂಕ್.

ಪ್ರತಿ ಟ್ಯಾಂಕಿನ ಪಕ್ಕದಲ್ಲಿ ಕಳೆದ 24 ಗಂಟೆಯ ಗೆರೆ ಚಿತ್ರ ಇಡಿ. ಅಂಕಿ ಹೇಳದ್ದನ್ನು ಗೆರೆ ಹೇಳುತ್ತದೆ. ರಾತ್ರಿ ಎರಡರಿಂದ ನಾಲ್ಕರವರೆಗೆ ಯಾರೂ ನೀರು ಬಳಸದ ಹೊತ್ತಿನಲ್ಲೂ ಗೆರೆ ಕೆಳಗೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಸಪಾಟಾಗಿ, ಒಂದು ಚೂರೂ ಅಲುಗದೆ ಇದ್ದರೆ ಸೆನ್ಸರನ್ನು ಅನುಮಾನಿಸಿ.

ಶುದ್ಧೀಕರಣ ಘಟಕದಲ್ಲಿ ಉಳಿಕೆ ಕ್ಲೋರಿನ್ ಅಳೆಯುವ ಯಂತ್ರ ಇದ್ದರೆ ಅದನ್ನೂ ಪರದೆಗೆ ತನ್ನಿ. ನಲ್ಲಿಯ ಬಳಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎನ್ನುವುದು ಭಾರತೀಯ ಮಾನಕದ ಮಾತು. ಘಟಕದ ಅಂಕಿ ನೋಡಿ ನಲ್ಲಿಯೂ ಸರಿ ಇದೆ ಎಂದುಕೊಳ್ಳಬೇಡಿ, ಕಿಟ್ ಹಿಡಿದು ಕೊನೆಯ ಬೀದಿಗೆ ಹೋಗುವ ಕೆಲಸ ಇದ್ದೇ ಇರುತ್ತದೆ.

ಹೆಜ್ಜೆ 6: ಎಚ್ಚರಿಕೆ ಗಂಟೆ ಕಡಿಮೆ ಇರಲಿ

1994ರ ಜುಲೈ 24ರಂದು ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್ ತೈಲ ಶುದ್ಧೀಕರಣ ಕೇಂದ್ರದಲ್ಲಿ ಸ್ಫೋಟ ಆಯಿತು. ಅದಕ್ಕೂ ಮೊದಲಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಎಚ್ಚರಿಕೆಗಳು ಬಂದಿದ್ದವು. ಯಾವ ಮನುಷ್ಯ ಅಷ್ಟನ್ನು ಓದಿ ಅರ್ಥ ಮಾಡಿಕೊಳ್ಳಲು ಆಗುತ್ತದೆ? ಆ ಅನುಭವದ ನಂತರ ಈ ರಂಗದಲ್ಲಿ ಬೆಳೆದ ಲೆಕ್ಕ ಎಂದರೆ, ಒಬ್ಬ ಆಪರೇಟರ್‌ಗೆ ಹತ್ತು ನಿಮಿಷಕ್ಕೆ ಸುಮಾರು ಒಂದು ಎಚ್ಚರಿಕೆ. ಪಟ್ಟಣದ ನೀರಿಗೆ ದಿನಕ್ಕೆ ಐದಾರು ಬಂದರೂ ಜಾಸ್ತಿಯೇ.

ಪ್ರತಿ ಎಚ್ಚರಿಕೆಗೂ ಒಂದು ಪ್ರಶ್ನೆ ಕೇಳಿ: ಇದು ಬಂದಾಗ ಆಪರೇಟರ್ ಏನು ಮಾಡಬೇಕು? ಉತ್ತರ ಇಲ್ಲದಿದ್ದರೆ ಅದು ಎಚ್ಚರಿಕೆಯಲ್ಲ, ದಾಖಲೆಗೆ ಹೋಗಲಿ. ಪಂಪ್ ಶುರುವಾಯಿತು, ಪಂಪ್ ನಿಂತಿತು ಎಂಬ ಮೆಸೇಜುಗಳು ಫೋನ್ ತುಂಬಿದರೆ ನಾಲ್ಕನೇ ದಿನ ಎಲ್ಲರೂ ಸದ್ದು ಆರಿಸಿ ಇಡುತ್ತಾರೆ. ಟ್ಯಾಂಕ್ ಉಕ್ಕುವ ಸುದ್ದಿಯೂ ಅದೇ ಮೌನದಲ್ಲಿ ಬರುತ್ತದೆ.

ಫ್ಲೋಟ್ ಸ್ವಿಚ್ ಅಲೆಗೆ ಕುಣಿಯುತ್ತದೆ, ನಿಮಿಷಕ್ಕೆ ಇಪ್ಪತ್ತು ಸಲ ಎಚ್ಚರಿಕೆ ಬಂದು ಹೋಗುತ್ತದೆ. 15 ಸೆಕೆಂಡ್ ಬಿಡದೆ ಒತ್ತಿಕೊಂಡಿದ್ದರೆ ಮಾತ್ರ ಎಣಿಸು ಎಂದು ಬರೆಯಿರಿ. ಮಟ್ಟ 0.80ಕ್ಕೆ ಇಳಿದಾಗ ಎಚ್ಚರಿಕೆ ಬಂದರೆ, 0.90ಕ್ಕೆ ಏರಿದ ಮೇಲಷ್ಟೇ ಹೋಗಲಿ. ತೀರಾ ಮುಖ್ಯವಾದ ಮೂರ್ನಾಲ್ಕಕ್ಕೆ ಮೆಸೇಜ್ ಬದಲು ಫೋನ್ ಕರೆ ಹೋಗುವಂತೆ ಮಾಡಿ. ಒಬ್ಬರು ಎತ್ತದಿದ್ದರೆ ಐದು ನಿಮಿಷಕ್ಕೆ ಇನ್ನೊಬ್ಬರಿಗೆ.

ಹೆಜ್ಜೆ 7: ಬಾಗಿಲು ಮುಚ್ಚಿ

2000ನೇ ಇಸವಿಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮರೂಚಿ ಎಂಬಲ್ಲಿ ಕೊಳಚೆ ಪಂಪುಗಳು ತಾವಾಗಿ ಕೆಡತೊಡಗಿದವು. 142 ಪಂಪಿಂಗ್ ಸ್ಟೇಷನ್‌ಗಳ ವ್ಯವಸ್ಥೆ ಅದು. ಅದನ್ನು ಅಳವಡಿಸಿದ್ದ ಗುತ್ತಿಗೆ ಕಂಪನಿಯ ಮಾಜಿ ನೌಕರನೊಬ್ಬ ಲ್ಯಾಪ್‌ಟಾಪ್ ಮತ್ತು ರೇಡಿಯೊ ಹಿಡಿದು ಸುಳ್ಳು ಆದೇಶ ಕಳಿಸುತ್ತಿದ್ದ. ಸುಮಾರು 8 ಲಕ್ಷ ಲೀಟರ್ ಕೊಳಚೆ ಪಾರ್ಕು, ಹೊಳೆಗಳಿಗೆ ಹರಿಯಿತು. 2001ರಲ್ಲಿ ಅವನಿಗೆ ಎರಡು ವರ್ಷ ಜೈಲಾಯಿತು. ನಮಗೆ ಇದರಿಂದ ಒಂದು ನೇರ ಕೆಲಸ: ಯಾರೇ ಕೆಲಸ ಬಿಟ್ಟರೂ, ಗುತ್ತಿಗೆ ಮುಗಿದರೂ, ಆ ದಿನವೇ ಅವರ ಲಾಗಿನ್ ತೆಗೆದು ಪಾಸ್‌ವರ್ಡ್ ಬದಲಿಸಿ.

2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ ಎಂಬ ಸಣ್ಣ ಊರಿನ ನೀರಿನ ಪಂಪಿಂಗ್ ಕೇಂದ್ರದ ಪಿಎಲ್‌ಸಿಗೆ ಹೊರಗಿನವರು ನುಗ್ಗಿದರು. ಆ ಮಾದರಿಯ ಪಿಎಲ್‌ಸಿಗಳ ಕಾರ್ಖಾನೆ ಪಾಸ್‌ವರ್ಡ್ 1111. ಅಲ್ಲಿನವರು ಕೈಯಿಂದ ಪಂಪ್ ನಡೆಸಿ ನೀರು ತಪ್ಪದಂತೆ ನೋಡಿಕೊಂಡರು. ನಮ್ಮಂಥ ಸಣ್ಣ ಊರಿಗೆ ಯಾರು ಬರುತ್ತಾರೆ ಎನ್ನುವ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರು ಊರು ಹುಡುಕಿಕೊಂಡು ಬರುವುದಿಲ್ಲ, ಇಂಟರ್ನೆಟ್ಟಿಗೆ ತೆರೆದ ಪೋರ್ಟ್, ಅಂದರೆ ಸಂಪರ್ಕದ ಬಾಗಿಲು, ಹುಡುಕಿಕೊಂಡು ಬರುತ್ತಾರೆ. ಮಾಡ್‌ಬಸ್‌ಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಅದರ 502 ಪೋರ್ಟನ್ನು ಇಂಟರ್ನೆಟ್ಟಿಗೆ ಬಿಟ್ಟರೆ ಪಂಪ್‌ಹೌಸ್ ಬಾಗಿಲು ತೆಗೆದು ರಸ್ತೆಗೆ ಬಿಟ್ಟ ಹಾಗೆ.

ಕಾರ್ಖಾನೆ ಪಾಸ್‌ವರ್ಡ್ ಬದಲಿಸಿ. ದೂರದಿಂದ ಬರುವವರೆಲ್ಲ ವಿಪಿಎನ್ ಎಂಬ ಗುಪ್ತ ಸಂಪರ್ಕದ ಮೂಲಕವೇ ಬರಲಿ. ಸ್ಕಾಡಾ ಕಂಪ್ಯೂಟರ್‌ನಲ್ಲಿ ಇಮೇಲ್, ಪೆನ್‌ಡ್ರೈವ್ ಬೇಡ. ಪಿಎಲ್‌ಸಿ ಪ್ರೋಗ್ರಾಂನ ಒಂದು ಪ್ರತಿ ನೆಟ್‌ವರ್ಕ್‌ಗೆ ಸೇರದ ಡಿಸ್ಕ್‌ನಲ್ಲಿ ಬೀರುವಿನೊಳಗೆ ಇರಲಿ, ಮೂಲ ಪ್ರೋಗ್ರಾಂ ಕೊಡುವುದು ಗುತ್ತಿಗೆದಾರನ ಕರ್ತವ್ಯ ಎಂದು ಒಪ್ಪಂದದಲ್ಲೇ ಬರೆಸಿ. ಇಂಥ ದಾಳಿ ಕಂಡರೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರ ನಿರ್ದೇಶನ ಇದೆ. ಅದು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ.

ಹೆಜ್ಜೆ 8: ಕಿತ್ತು ಪರೀಕ್ಷೆ ಮಾಡಿ, ಆಮೇಲೆ ಒಪ್ಪಿಸಿ

ಎಲ್ಲ ನಡೆಯುತ್ತಿರುವಾಗ ನೋಡಿ ಸಹಿ ಹಾಕಬೇಡಿ. ಮೊದಲು ಲೂಪ್ ಪರೀಕ್ಷೆ: ಸೆನ್ಸರ್ ಬಿಚ್ಚಿ, ಕ್ಯಾಲಿಬ್ರೇಟರ್‌ನಿಂದ 4, 8, 12, 16, 20 ಮಿಲಿಆಂಪಿಯರ್ ಕೊಟ್ಟು ಪರದೆಯಲ್ಲಿ 0, 1.25, 2.50, 3.75, 5.00 ಬರುತ್ತದೆಯೇ ನೋಡಿ. ಸೆನ್ಸರ್ ಮತ್ತೆ ಜೋಡಿಸಿದ ಮೇಲೆ ಟ್ಯಾಂಕಿಗೆ ಟೇಪ್ ಇಳಿಬಿಟ್ಟು ಅಳೆದು ಹೋಲಿಸಿ.

ಆಮೇಲೆ ಒಂದೊಂದೇ ಕೆಡಿಸಿ. ಸೆನ್ಸರ್ ವೈರ್ ಕೀಳಿ. ಸಿಮ್ ತೆಗೆಯಿರಿ. ಪ್ಯಾನೆಲ್‌ನ ಕರೆಂಟು ತೆಗೆಯಿರಿ. ಸರ್ವರ್ ಆರಿಸಿ. ಎಲೆಕ್ಟ್ರಿಷಿಯನ್ ಎದುರಿಗೆ ಒಂದು ಫೇಸ್ ತೆಗೆಸಿ. ಪ್ರತಿ ಸಲವೂ ಮೂರನೇ ಕಾಲಂನಲ್ಲಿ ಬರೆದದ್ದೇ ನಡೆಯಬೇಕು. ಪಂಪ್‌ಗೆ ಶುರುವಾಗು ಎಂದು ಆದೇಶ ಕೊಟ್ಟು ಹತ್ತು ಸೆಕೆಂಡಿನಲ್ಲಿ ಓಡಿದ ಸಂಕೇತ ಬರದಿದ್ದರೆ ಆದೇಶ ರದ್ದಾಗಬೇಕು. ಇಲ್ಲದಿದ್ದರೆ ಅರ್ಧ ಗಂಟೆಯ ಮೇಲೆ ಕರೆಂಟು ಬಂದಾಗ, ಅಲ್ಲಿ ಯಾರೋ ಕೈ ಹಾಕಿರುವಾಗ, ಮೋಟಾರು ತಾನಾಗಿ ತಿರುಗುತ್ತದೆ. ಈ ಪರೀಕ್ಷೆಗಳಿಗೆ ಎರಡು ದಿನ ಬೇಕು. ಗುತ್ತಿಗೆದಾರ ಅವಸರ ಮಾಡಿದರೂ ಬಿಡಬೇಡಿ.

ಕೊನೆಗೆ ಒಂದು ಹಾಳೆ. ಪ್ಯಾನೆಲ್ ಬಾಗಿಲಿನ ಒಳಮೈಗೆ ಪ್ಲಾಸ್ಟಿಕ್ ಹೊದಿಸಿ ಅಂಟಿಸಿ. ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ: ಸ್ವಿಚ್ ‘ಸ್ಥಳ’ಕ್ಕೆ ತಿರುಗಿಸಿ. ಮೂರು ಫೇಸ್ ನೋಡಿ. ಡೆಲಿವರಿ ವಾಲ್ವ್ ಇಷ್ಟು ಸುತ್ತು ತೆರೆಯಿರಿ. ಹಸಿರು ಗುಂಡಿ ಒತ್ತಿ. ಆಂಪಿಯರ್ ಇಷ್ಟರಿಂದ ಇಷ್ಟರೊಳಗೆ ಇರಬೇಕು. ಟ್ಯಾಂಕಿನ ಹತ್ತಿರ ಇರುವವರಿಗೆ ಫೋನ್ ಮಾಡಿ. ಕೆಳಗೆ ಇಬ್ಬರ ಫೋನ್ ನಂಬರ್, ಸಿಮ್ ಗಡುವು ಮುಗಿಯುವ ದಿನಾಂಕ, ಸೆನ್ಸರನ್ನು ಟೇಪ್ ಹಿಡಿದು ಕೊನೆಗೆ ಹೋಲಿಸಿದ ದಿನಾಂಕ. ತಿಂಗಳಿಗೊಮ್ಮೆ, ಎಲ್ಲ ಸರಿ ಇರುವ ದಿನವೇ, ಬೆಳಗಿನ ಪಾಳಿಯವರು ಆ ಹಾಳೆ ನೋಡಿಕೊಂಡು ಕೈಯಿಂದ ಒಂದು ಗಂಟೆ ಪಂಪ್ ನಡೆಸಲಿ. ಹಾಳೆಯಲ್ಲಿ ಅರ್ಥವಾಗದ ಸಾಲು ಇದ್ದರೆ ಆವತ್ತೇ ಗೊತ್ತಾಗುತ್ತದೆ, ಅವರ ಮಾತಿನಲ್ಲೇ ತಿದ್ದಿ ಬರೆದು ಮತ್ತೆ ಅಂಟಿಸಿ.